ರೈಲು ಹತ್ತದ ಭಾವ

ನಮ್ಮ ಭಾವನಷ್ಟು ಸಲ ರೈಲ್ವೆ ಸ್ಟೇಷನ್ನಿಗೆ ಹೋದವರೂ ಇಲ್ಲ, ಅವರಷ್ಟು ಕಡಿಮೆ ಸಲ ರೈಲು ಹತ್ತಿದವರೂ ಇಲ್ಲ. ನನ್ನ ಅಕ್ಕನ ಗಂಡ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರು. ತಿಂಗಳಿಗೊಮ್ಮೆ ಚಳ್ಳಕೆರೆಗೆ ಬರುತ್ತಾರೆ. ನಮ್ಮನ್ನು ನೋಡುವುದಕ್ಕಲ್ಲ, ಇಲ್ಲಿನ ಹಳೆಯ ಕಲ್ಲಿನ ಸ್ಟೇಷನ್ ನೋಡುವುದಕ್ಕೆ. ಹೇಗೆ ಬರುತ್ತಾರೆ ಅಂತೀರಿ? ಬಸ್ಸಿನಲ್ಲಿ!

"ಅಲ್ರಿ ಭಾವ, ರೈಲಲ್ಲೇ ಬರಬಾರ್ದಾ?" ಎಂದು ಕೇಳಿದ್ದೆ.

"ರೈಲಲ್ಲಿ ಬಂದ್ರೆ ಹಿತ್ತಲಿಂದ ಬಂದಂಗಾಗ್ತೈತೆ. ಮನೆ ನೋಡಾಕೆ ಹೋಗೋನು ಮುಂಬಾಗಿಲಿಂದ ಹೋಗ್ಬೇಕು ಕಣ್ಲೇ."

ಪ್ಲಾಟ್‌ಫಾರಂ ಟಿಕೆಟ್ಟನ್ನು ಅವರು ತಪ್ಪದೆ ಕೊಳ್ಳುತ್ತಾರೆ. ಯಾರೂ ಕೇಳುವುದಿಲ್ಲ, ತಾವೇ ಹುಡುಕಿಕೊಂಡು ಹೋಗಿ ತೋರಿಸುತ್ತಾರೆ.

ಮೂರು ವರ್ಷದ ಹಿಂದೆ ಒಮ್ಮೆ ನನ್ನನ್ನೂ ಎಳೆದುಕೊಂಡು ಹೋದರು. "ನಿನಗೊಂದು ತೋರಿಸ್ತೀನಿ ಬಾ" ಎಂದರು. ಎಣ್ಣೆ ಮಿಲ್ಲಿನಿಂದ ಆಗಷ್ಟೇ ನಿವೃತ್ತನಾಗಿದ್ದೆ, ಹೊತ್ತು ಹೋಗುತ್ತಿರಲಿಲ್ಲ, ಹೋದೆ. ಮೊದಲು ಕಂಬಗಳ ಸುತ್ತಳತೆ ನೋಡಿದರು, ಸೀರೆ ಅಳೆಯುವ ಹಾಗೆ ಮೊಳ ಹಾಕಿ. ಕಲ್ಲಿಗೂ ಕಲ್ಲಿಗೂ ನಡುವಿನ ಗಾರೆಯ ಗೆರೆಯನ್ನು ಉಗುರಿನಿಂದ ಸವರಿ, "ಎಳೆ ತಪ್ಪಿಲ್ಲ" ಎಂದರು. ಎರಡನೇ ಪ್ಲಾಟ್‌ಫಾರಮ್ಮಿನ ಹೊಸ ಸಿಮೆಂಟು ಮಾತ್ರ ಅವರಿಗೆ ಅಷ್ಟಕ್ಕಷ್ಟೆ. "ಅದು ಮೊನ್ನೆ ಬಂದ ಸೊಸೆ. ಇನ್ನೂ ಮಾತಿಗೆ ಸಿಕ್ಕಿಲ್ಲ."

ಆಮೇಲೆ ಚಾವಣಿಯ ಮರಗೆಲಸ ನೋಡಬೇಕೆಂದು, ಪ್ಲಾಟ್‌ಫಾರಮ್ಮಿನ ನಟ್ಟನಡುವೆ ಟವೆಲ್ ಹಾಸಿ ಅಂಗಾತ ಮಲಗಿಬಿಟ್ಟರು. ಕಣ್ಣು ಮಿಟುಕಿಸದೆ ಮೇಲೆ ನೋಡುತ್ತ ಮಲಗಿದವರನ್ನು ಕಂಡರೆ ಜನ ಏನೆಂದುಕೊಳ್ಳಬೇಕು?

"ಅಯ್ಯೋ, ಮೂರ್ಛೆ ಬಂದೈತೆ! ಕಬ್ಬಿಣ ಹಿಡಿಸ್ರಿ, ಕಬ್ಬಿಣ" ಎಂದು ಒಬ್ಬ ಮುದುಕಿ ಕೂಗಿದಳು. ಯಾರೋ ಓಡಿಬಂದು ಬೀಗದ ಕೈ ಗೊಂಚಲನ್ನು ಭಾವನ ಅಂಗೈಗೆ ತುರುಕಿದರು. ಅವರು ಮಲಗಿದಲ್ಲಿಯೇ ಅದನ್ನು ತಿರುಗಿಸಿ ನೋಡಿ, "ಇದು ಟಿಕೆಟ್ ಕೋಣೇದಾ? ಒಳಗೆ ನೋಡ್ಬೋದಾ?" ಎಂದರು.

ಜನ ನಕ್ಕರು. ನನಗೆ ನಗು ಬರಲಿಲ್ಲ. ಮಿಲ್ಲಿನ ಹಳೇ ಪರಿಚಯದವರೊಬ್ಬರು ಆ ಗುಂಪಿನಲ್ಲಿದ್ದರು. ಅವರು ನನ್ನ ಕಡೆ ತಿರುಗಿ, "ಇವ್ರು ನಿಮ್ಮೋರೇನ್ರಿ?" ಎಂದು ಕೇಳಿದರು.

"ಅಲ್ರಿ. ನಾನು ರೈಲಿಗೆ ಬಂದೀನಿ" ಎಂದೆ.

ಭಾವ ಎರಡು ಮಾರು ದೂರದಲ್ಲಿದ್ದರು. ಕಿವಿ ಚುರುಕು.

ಹೇಳಿದ ಸುಳ್ಳಿಗೆ ಸರಿಯಾಗಿ ರೈಲೂ ಬಂದು ನಿಲ್ಲಬೇಕೇ! ಪರಿಚಯದವರು ನೋಡುತ್ತಿದ್ದರು, ಹತ್ತಿದೆ. ಟಿಕೆಟ್ಟಿಲ್ಲದೆ, ಟಿ.ಟಿ. ಬಂದಾನೆಂದು ಕಕ್ಕಸಿನ ಬಾಗಿಲ ಬಳಿ ನಿಂತು ರಾಯದುರ್ಗದವರೆಗೆ ಹೋದೆ. ಬಸ್ಸು ಹಿಡಿದು ಮನೆ ಸೇರುವಾಗ ಸಂಜೆಯಾಗಿತ್ತು. ಭಾವ ನಮ್ಮ ಜಗುಲಿಯ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದರು. "ಏನೋ ಅರ್ಜೆಂಟ್ ಕೆಲಸ ಅಂತ ಹೋದ್ರಂತೆ?" ಎಂದಳು ನನ್ನ ಹೆಂಡತಿ. ಭಾವನೇ ಅವಳಿಗೆ ಹಾಗೆ ಹೇಳಿದ್ದರು.

ಆಮೇಲೂ ತಿಂಗಳು ತಿಂಗಳು ಬಂದರು. ಉಂಡರು, ನಕ್ಕರು. ಸ್ಟೇಷನ್ನಿಗೆ ಮಾತ್ರ ಒಬ್ಬರೇ ಹೋದರು. ಒಮ್ಮೆಯೂ "ಬಾ" ಎನ್ನಲಿಲ್ಲ. ಬೈದಿದ್ದರೆ ನಿದ್ದೆಯಾದರೂ ಬರುತ್ತಿತ್ತು.

ಕಳೆದ ವಾರ ತಡೆಯಲಾಗಲಿಲ್ಲ. ಚಪ್ಪಲಿ ಮೆಟ್ಟುತ್ತಿದ್ದವರ ಎದುರು ನಿಂತು, "ಭಾವ, ಆವತ್ತು ನಾನು ನಿಮ್ಮನ್ನ ನಮ್ಮೋರಲ್ಲ ಅಂದೆ. ತಪ್ಪಾತು" ಎಂದೆ. ಅರವತ್ತು ದಾಟಿದವನು ಎಸ್ಸೆಸ್ಸೆಲ್ಸಿ ಹುಡುಗನಂತೆ ಕೈಕಟ್ಟಿ ನಿಂತಿದ್ದೆ.

"ಮತ್ತೆ ನಾಚ್ಕೊಂತಿ ಅಂತ ನಾನೇ ಕರೀಲಿಲ್ಲ ಕಣಪ್ಪ" ಎಂದರು ಭಾವ. "ನಡಿ, ಬಿಸಿಲು ಏರೋದ್ರೊಳಗೆ ಹೋಗಿ ಬರಣ."

ಸ್ಟೇಷನ್ನಿನಲ್ಲಿ ನನ್ನನ್ನು ನೇರವಾಗಿ ಮುಂಬಾಗಿಲ ಕಮಾನಿನ ಬುಡಕ್ಕೆ ಕರೆದೊಯ್ದರು. ನನ್ನ ಕೈ ಹಿಡಿದು ಮೂರನೇ ಕಲ್ಲಿನ ಮೇಲಿಟ್ಟರು. ನುಣುಪಾದ ಕಲ್ಲಿನಲ್ಲಿ ಒಂದೇ ಒಂದು ಓರೆ ಗಾಯ ಬೆರಳಿಗೆ ಸಿಕ್ಕಿತು.

"ಉಳಿ ಜಾರೈತೆ. ಯಾರೋ ಪುಣ್ಯಾತ್ಮ, ಅವತ್ತು ಮನಸ್ಸು ಎಲ್ಲಿತ್ತೋ. ಆದ್ರೂ ಕಲ್ಲನ್ನ ಬಿಸಾಕಿಲ್ಲ ನೋಡು. ಹಂಗೇ ಕೂರಿಸ್ಯಾರೆ. ಇಡೀ ಕಮಾನು ಇದ್ರ ಮೇಲೇ ನಿಂತೈತೆ."

ನನ್ನ ಕೈಯ ಮೇಲೆ ಅವರ ಕೈ ಹಾಗೇ ಇತ್ತು.

"ಆವತ್ತೇ ಇದನ್ನ ತೋರಿಸ್ಬೇಕಂತ ಕರ್ಕೊಂಬಂದಿದ್ದೆ" ಎಂದರು ಭಾವ. "ನೀನು ರಾಯದುರ್ಗಕ್ಕೆ ಹೋಗಿಬಿಟ್ಟೆ."