ವಾಹನಾಕಾರದ ಆಸರೆ

ನಿಂತ ಕಾರು ಯಾರಿಗೂ ತೊಂದರೆ ಕೊಡುವುದಿಲ್ಲ ಎಂಬುದು ಸಾರ್ವಜನಿಕರಲ್ಲಿ ಬೇರೂರಿರುವ ತಪ್ಪು ಕಲ್ಪನೆ ಎಂದು ವಿಮಾ ಕಚೇರಿಯ ಹದಿನಾಲ್ಕನೇ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಲಾಗಿದೆ. ಆ ಸುತ್ತೋಲೆ ಹೊರಡಲು ಕಾರಣ ನನ್ನ ಭಾವನ ಕಾರು. ಆದ್ದರಿಂದ ನಡೆದದ್ದನ್ನು ನಡೆದ ಹಾಗೇ ದಾಖಲಿಸುವುದು ನನ್ನ ಕರ್ತವ್ಯ. ಅಲ್ಲಲ್ಲಿ ಸ್ವಲ್ಪ ಉಪ್ಪುಖಾರ ಬಿದ್ದಿದ್ದರೆ ಅದು ಕೈತಪ್ಪಿ ಬಿದ್ದದ್ದು.

ಭಾವ ಎಂದರೆ ನನ್ನ ಅಕ್ಕನ ಗಂಡ. ಡ್ರೈವಿಂಗ್ ಸ್ಕೂಲ್ ನಡೆಸುತ್ತಾರೆ. ಸ್ಕೂಲ್ ಎಂದರೆ ಕಟ್ಟಡ, ಬೆಂಚು, ಗಂಟೆ ಏನೂ ಇಲ್ಲ. ಒಂದೇ ಒಂದು ಕಾರು. ಪಕ್ಕದ ಸೀಟಿನ ಕಾಲ ಬುಡದಲ್ಲಿ ಮೇಷ್ಟ್ರಿಗೆಂದು ಇನ್ನೊಂದು ಬ್ರೇಕು. ಆ ಬ್ರೇಕಿನ ಮೇಲೆ ಅಕ್ಕನ ಸಂಸಾರ ಹದಿನೇಳು ವರ್ಷದಿಂದ ನಡೆಯುತ್ತಿದೆ.

ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಭಾವ ಕಾರನ್ನು ದಾಖಲೆಗಳ ಕಚೇರಿಯ ಕಾಂಪೌಂಡಿನ ಪಕ್ಕ ನಿಲ್ಲಿಸಿ, ಯಾವುದೋ ಶಿಷ್ಯನ ಫಾರಂಗೆ ಸಹಿ ಹಾಕಿಸಲು ಒಳಗೆ ಹೋದರು. ಹೊರಗೆ ಬರುವಷ್ಟರಲ್ಲಿ ಗೋಡೆ ಕಾರಿನ ಮೇಲಿತ್ತು. ಬಿದ್ದಿರಲಿಲ್ಲ, ಒರಗಿತ್ತು. ಊಟ ಮುಗಿಸಿದ ಬೀಗರು ದಿಂಬಿಗೆ ಒರಗುವ ಹಾಗೆ, ನಿಧಾನವಾಗಿ, ಹಕ್ಕಿನಿಂದ. ಸ್ಟೇರಿಂಗ್ ಇಲ್ಲದ ಕಡೆಯ ಎರಡು ಬಾಗಿಲೂ ಒಳಕ್ಕೆ ಹೋಗಿದ್ದವು. ಆ ಕಡೆಯ ಕನ್ನಡಿ ಇರಲೇ ಇಲ್ಲ.

ಹಿಂದಿನ ವಾರ ನನ್ನ ಹೂಕುಂಡಗಳಿಗೆಂದು ಆ ಗೋಡೆಯ ಬುಡದಿಂದ ನಾಲ್ಕು ಇಟ್ಟಿಗೆ ಕಿತ್ತು ತಂದದ್ದೇ ಇದಕ್ಕೆ ಕಾರಣ ಎಂದು ಕೆಲವರು ಆಡಿಕೊಳ್ಳುತ್ತಾರೆ. ಶುದ್ಧ ಸುಳ್ಳು. ತಂದದ್ದು ಮೂರು.

ಮೂರನೇ ದಿನ ವಿಮಾ ಕಚೇರಿಯ ಸರ್ವೇಯರ್ ಬಂದರು. ಜೇಬಿನಲ್ಲಿ ನಾಲ್ಕು ಪೆನ್ನು, ಕೈಯಲ್ಲಿ ಅಳತೆ ಟೇಪು.

"ಗುದ್ದಿದವರು ಯಾರು?"

"ಗೋಡೆ ಸಾರ್," ಎಂದರು ಭಾವ.

"ಅದರ ಲೈಸೆನ್ಸ್ ನಂಬರು?"

ಭಾವ ನನ್ನ ಮುಖ ನೋಡಿದರು. ನಾನು ಗೋಡೆಯ ಮುಖ ನೋಡಿದೆ.

"ಇಲ್ಲ ಅಂತ ಬರ್ಕೊಳ್ಳಿ ಸಾರ್," ಎಂದೆ.

"ಲೈಸೆನ್ಸ್ ಇಲ್ಲದೋರು ಗುದ್ದಿದ್ರೆ ಅದಕ್ಕೆ ಬೇರೆ ಫಾರಂ." ಸರ್ವೇಯರ್ ಹಾಳೆ ತಿರುವಿದರು. "ಆ ಹೊತ್ತಲ್ಲಿ ನಿಮ್ಮ ಕಾರು ನಿಂತಿತ್ತು ಅಂತೀರಿ. ಪುರಾವೆ?"

"ಈಗಲೂ ನಿಂತೇ ಇದೆಯಲ್ಲ!"

"ಈಗ ನಿಂತಿರೋದು ನನಗೂ ಕಾಣುತ್ತೆ. ಆಗ? ನೋಡಿ, ಗೋಡೆ ಮೂವತ್ತು ವರ್ಷದಿಂದ ಇಲ್ಲೇ ಇದೆ. ನಿಮ್ಮ ಕಾರು ಬಂದಿದ್ದು ಅವತ್ತು. ಯಾರು ಯಾರ ಹತ್ತಿರ ಹೋದ್ರು ಅನ್ನೋದನ್ನ ನಾವು ನೋಡಬೇಕಾಗುತ್ತೆ."

ನಿಯಮದ ಪ್ರಕಾರ ನಿಶ್ಚಲತಾ ಪ್ರಮಾಣಪತ್ರ ಬೇಕಿತ್ತು. ಕಾರು ಚಲಿಸದೇ ಇದ್ದುದನ್ನು ಕಣ್ಣಾರೆ ಕಂಡ ಒಬ್ಬ ಗಣ್ಯ ವ್ಯಕ್ತಿ ಅದಕ್ಕೆ ಸಹಿ ಹಾಕಬೇಕು. ನಾನು ಹಾಕಿದೆ. ಆ ಮಂಗಳವಾರ ಹನ್ನೊಂದಕ್ಕೆ ನಾನು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದೆ ಎಂಬುದು ನಿಜ. ಆದರೆ ಅಲ್ಲಿದ್ದಿದ್ದರೆ ಖಂಡಿತ ನೋಡುತ್ತಿದ್ದೆ. ಸಾಕ್ಷಿ ಹೇಳಲು ಇದಕ್ಕಿಂತ ಹೆಚ್ಚಿನ ಅರ್ಹತೆ ಯಾರಿಗಿದೆ?

ಹತ್ತು ದಿನಕ್ಕೆ ಉತ್ತರ ಬಂತು: "ಪಾಲಿಸಿಯ ಒಂಬತ್ತನೇ ಕಲಮಿನ ಅನ್ವಯ ಬಿದ್ದ ವಸ್ತುವಿನಿಂದ ಉಂಟಾದ ಹಾನಿಗೆ ಮಾತ್ರ ಪರಿಹಾರವಿರುತ್ತದೆ. ಸದರಿ ಗೋಡೆಯು ಬೀಳದೆ ಕೇವಲ ಒರಗಿರುವುದರಿಂದ, ಅದು ಪೂರ್ಣವಾಗಿ ಬಿದ್ದ ನಂತರ ಮತ್ತೊಮ್ಮೆ ಅರ್ಜಿ ಸಲ್ಲಿಸತಕ್ಕದ್ದು."

ಭಾವ ಪತ್ರ ಹಿಡಿದುಕೊಂಡು ವಿಮಾ ಕಚೇರಿಗೆ ಓಡಿದರು. ಬಾಲದ ಹಾಗೆ ನಾನೂ ಹೋದೆ. ಅಲ್ಲಿ ತಿಳಿಯಿತು, ಆ ಗೋಡೆಗೂ ಅದೇ ಕಚೇರಿಯಲ್ಲಿ ವಿಮೆಯಿದೆ. ಕಾರು ವಿಭಾಗದ ಎದುರಿನ ಮೇಜೇ ಗೋಡೆ ವಿಭಾಗ. ಎರಡೂ ಮೇಜಿಗೆ ಸೇರಿ ಒಂದೇ ಫ್ಯಾನು.

ಗೋಡೆ ವಿಭಾಗದ ಮೇಡಂ ಕನ್ನಡಕದ ಮೇಲಿಂದ ಭಾವನನ್ನು ನೋಡಿದರು. "ಓ, ಆ ಕಾರು ನಿಮ್ಮದಾ? ಏನ್ರೀ ಕೆಲಸ ಮಾಡಿಟ್ರಿ! ಪಾಪ, ಗೋಡೆ ತನ್ನ ಪಾಡಿಗೆ ತಾನು ಬೀಳ್ತಾ ಇತ್ತು. ಬಿದ್ದಿದ್ರೆ ಆ ಕಚೇರಿಯವರಿಗೆ ಹೊಸ ಗೋಡೆ ಬರ್ತಿತ್ತು. ಅಡ್ಡ ನಿಂತು ತಪ್ಪಿಸಿಬಿಟ್ರಲ್ಲ."

"ಸರಿ ಮೇಡಂ, ನಾಳೆಯೇ ಕಾರು ಈಚೆಗೆ ಎಳ್ಕೋತೀನಿ. ಬೀಳಲಿ."

"ಅಯ್ಯೋ, ಎಳೆದ್ರೆ ನೀವು ಬೀಳಿಸಿದ ಹಾಗಾಗುತ್ತೆ. ಅದಕ್ಕೆ ಜೈಲಿದೆ. ಗೋಡೆ ಬೀಳಬೇಕು, ಬೀಳಿಸಬಾರದು."

"ಕಾರು ಇರೋವರೆಗೆ ಅದು ಬೀಳಲ್ಲ."

"ಬೀಳೋವರೆಗೆ ನಿಮಗೂ ಏನೂ ಸಿಗಲ್ಲ," ಎಂದರು ಮೇಡಂ ಮೃದುವಾಗಿ. ಎದುರು ಮೇಜಿನಿಂದ ಸರ್ವೇಯರ್ ಹೌದೆಂದು ತಲೆಯಾಡಿಸಿದರು. ಎರಡು ವಿಭಾಗಗಳ ನಡುವೆ ಇಂಥ ಒಮ್ಮತ ಆ ಕಚೇರಿಯಲ್ಲಿ ಅದೇ ಮೊದಲಂತೆ.

ವಿಷಯ ಇತ್ಯರ್ಥ ಮಾಡಲು ಎಂಜಿನಿಯರನ್ನು ಕಳಿಸಲಾಯಿತು. ಅವರು ಗೋಡೆಯನ್ನು ಪೆನ್ಸಿಲಿನಿಂದ ತಟ್ಟಿದರು, ಕಾರಿನ ಬಾನೆಟ್ಟನ್ನೂ ತಟ್ಟಿದರು, ಎರಡರ ಸದ್ದನ್ನೂ ಪುಸ್ತಕದಲ್ಲಿ ಬರೆದುಕೊಂಡರು. ವಾರದೊಳಗೆ ಮುಂದಿನ ಗಾಜಿಗೆ ನೋಟೀಸು ಅಂಟಿತು:

"ಇದು ಇನ್ನು ಮುಂದೆ ಕಾರಲ್ಲ. ಇದು ದಾಖಲೆಗಳ ಕಚೇರಿಯ ಆವರಣ ಗೋಡೆಯ ವಾಹನಾಕಾರದ ಆಸರೆ. ಇದನ್ನು ಸರಿಸುವುದು, ಎಳೆಯುವುದು, ಚಾಲೂ ಮಾಡುವುದು ಶಿಕ್ಷಾರ್ಹ. ಹಾರ್ನ್ ಮಾಡುವವರು ಮುಂಚಿತವಾಗಿ ಲಿಖಿತ ಅನುಮತಿ ಪಡೆಯತಕ್ಕದ್ದು."

ಗೋಡೆಗೆ ಬಣ್ಣ ಹೊಡೆಯಲು ಬಂದವರು ಆಸರೆಯನ್ನು ಬಿಡಬಾರದೆಂದು ಕಾರಿಗೂ ಅದೇ ಹಳದಿ ಬಳಿದರು. ಡಿಕ್ಕಿಯ ಮೇಲೆ "ಇಲ್ಲಿ ಭಿತ್ತಿಪತ್ರ ಅಂಟಿಸಬಾರದು" ಎಂದು ಅಚ್ಚುಕಟ್ಟಾಗಿ ಬರೆದರು.

ಆ ಸಂಜೆ ಭಾವ ಮನೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಬಲಗಾಲು ಸುಮ್ಮಸುಮ್ಮನೆ ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು. ಒಂಬತ್ತು ಜನ ಶಿಷ್ಯರು, ಮುಂದಿನ ತಿಂಗಳು ಪರೀಕ್ಷೆ, ಕಾರಿಲ್ಲ. "ಸ್ಕೂಲ್ ಮುಚ್ಚಿದ ಹಾಗೇ ಕಣಯ್ಯ," ಎಂದರು ನನಗೆ. ತಮಾಷೆ ಮಾಡೋಣವೆಂದು ತೆರೆದ ಬಾಯನ್ನು ನಾನು ಹಾಗೇ ಮುಚ್ಚಿಕೊಂಡೆ. ಆ ಇಟ್ಟಿಗೆಗಳ ಮೇಲೆ ಕೂತ ನನ್ನ ಮೂರು ಕುಂಡಗಳೂ ಎದುರಿಗೇ ಇದ್ದವು.

ಭಾವ ಬರೆದುಕೊಂಡು ಬಂದಿದ್ದ ನೋಟೀಸಿನ ನಕಲನ್ನು ಅಕ್ಕ ಎರಡು ಸಲ ಓದಿದಳು. "ಏನ್ರೀ, ಸರಿಸಬಾರದು, ಎಳೀಬಾರದು, ಚಾಲೂ ಮಾಡಬಾರದು. ಪಾಠ ಮಾಡಬಾರದು ಅಂತ ಎಲ್ಲಿ ಬರೆದಿದೆ?"

"ನಿಂತ ಕಾರಲ್ಲಿ ಏನು ಪಾಠ ಮಾಡ್ಲೇ?"

"ಓಡೋ ಕಾರಲ್ಲಿ ಕಲ್ತವರು ಏನು ಕಿಸಿದಿದ್ದಾರೆ? ನಿಮ್ಮ ಶಿಷ್ಯ ಆ ಟೈಲರು ಆರು ಸಲ ಫೇಲಾಗಿಲ್ವಾ?"

ಮರುದಿನ ಪಾಠ ಶುರುವಾಯಿತು. ಮುಂದೆ ಒಂದೇ ಬಾಗಿಲು ತೆರೆಯುತ್ತಿದ್ದುದರಿಂದ ಮೊದಲು ಭಾವ ಹತ್ತಿ, ಗೇರಿನ ಮೇಲೆ ಹೊಟ್ಟೆ ಎತ್ತಿ ದಾಟಿಸಿ, ಆಚೆ ಸೀಟಿಗೆ ಜಾರಬೇಕು. ಆಮೇಲೆ ಶಿಷ್ಯ ಹತ್ತಬೇಕು. ಗೋಡೆಯ ಭಾರಕ್ಕೆ ಚಾವಣಿ ತಗ್ಗಿದ್ದರಿಂದ ಭಾವ ತಲೆಯನ್ನು ಒಂದು ಕಡೆಗೆ ವಾಲಿಸಿಯೇ ಕೂರಬೇಕು. ಈಗ ಮನೆಯಲ್ಲೂ ಹಾಗೇ ಕೂರುತ್ತಾರೆ. ಅಕ್ಕ ದಿಂಬಿನ ಜಾಗ ಬದಲಿಸಿದ್ದಾಳೆ.

ಪರೀಕ್ಷೆಯ ದಿನ ಸಣ್ಣದೊಂದು ತೊಡಕು ಎದ್ದಿತು. ಕಲಿತ ವಾಹನದಲ್ಲೇ ಪರೀಕ್ಷೆ ಆಗಬೇಕೆಂಬುದು ನಿಯಮ. ವಾಹನ ಮೈದಾನಕ್ಕೆ ಬರುವಂತಿಲ್ಲ. ಹಾಗಾಗಿ ಲೈಸೆನ್ಸ್ ಇನ್‌ಸ್ಪೆಕ್ಟರೇ ಬಂದು ಹಿಂದಿನ ಸೀಟಿಗೆ ನುಸುಳಿ ಕೂತರು. ಮುಂದೆ ಟೈಲರ್. ಹಿಂದಿನ ಆರು ಸಲದಲ್ಲಿ ಆತ ಮೈದಾನದ ಒಂದು ಕಂಬವನ್ನೂ ಬಿಟ್ಟವನಲ್ಲ.

"ಎಡಕ್ಕೆ ತಿರುಗಿಸಿ," ಎಂದರು ಇನ್‌ಸ್ಪೆಕ್ಟರು. ಟೈಲರ್ ತಿರುಗಿಸಿದ.

"ಬ್ರೇಕ್!"

ಟೈಲರ್ ಒತ್ತಿದ. ಕಾರು ಒಂದು ಕೂದಲೆಳೆಯೂ ಮುಂದೆ ಹೋಗಲಿಲ್ಲ. ಇನ್‌ಸ್ಪೆಕ್ಟರು ಕಿಟಕಿಯಿಂದ ಬಗ್ಗಿ ನೆಲ ನೋಡಿದರು. "ನನ್ನ ಸರ್ವಿಸಲ್ಲೇ ಇಂಥ ಬ್ರೇಕು ನೋಡಿಲ್ಲ," ಎಂದರು.

ಒಂಬತ್ತಕ್ಕೆ ಒಂಬತ್ತೂ ಪಾಸು. ಲೈಸೆನ್ಸಿನ ಮೇಲೆ "ನಿಂತ ವಾಹನಕ್ಕೆ ಮಾತ್ರ" ಎಂಬ ಮೊಹರು ಬಿತ್ತು. ಈ ಲೈಸೆನ್ಸಿನವರು ಒಂದೇ ಒಂದು ಅಪಘಾತ ಮಾಡಿಲ್ಲವೆಂದು ತಿಳಿದು ವಿಮಾ ಕಚೇರಿ ಅವರನ್ನು ಆದರ್ಶ ಚಾಲಕರೆಂದು ಘೋಷಿಸಿತು. ಭಾವನ ಬಳಿ ಹೆಸರು ಬರೆಸಲು ಸಾಲು ಹನುಮಂತನ ಬಾಲವಾಯಿತು. ಬೇರೆ ಡ್ರೈವಿಂಗ್ ಸ್ಕೂಲಿನವರು ಹಳೆ ಗೋಡೆಗಳನ್ನು ಹುಡುಕಿಕೊಂಡು ಊರೆಲ್ಲ ಸುತ್ತತೊಡಗಿದರು. ಯಾವ ಇಟ್ಟಿಗೆ ತೆಗೆಯಬೇಕೆಂದು ಅವರಿಗೆ ಸಲಹೆ ಕೊಡುವವನು ನಾನೇ. ಉಚಿತ ಸೇವೆ.

ಹದಿನಾಲ್ಕು ತಿಂಗಳ ಮೇಲೆ ಸರ್ವೇಯರ್ ಮತ್ತೆ ಬಂದರು, ಮುಖದ ತುಂಬ ನಗು. "ಶುಭ ಸುದ್ದಿ ಸಾರ್! ಮೇಲಿನವರು ವಿಶೇಷ ಪ್ರಕರಣ ಅಂತ ಒಪ್ಪಿದ್ದಾರೆ. ಗೋಡೆಯನ್ನ ಕ್ರೇನಲ್ಲಿ ಎತ್ತಿ, ಕಾರನ್ನ ಈಚೆ ತೆಗೆದು, ಪೂರ್ತಿ ರಿಪೇರಿ. ನೀವು ಸಹಿ ಹಾಕಿದ್ರೆ ಆಯ್ತು."

ಭಾವನ ಮುಖ ಬಿಳುಚಿತು. ಕಾರಿನೊಳಗೆ ಒಬ್ಬ ಶಿಷ್ಯ, ಹೊರಗೆ ನಲವತ್ತು. ವಾಲಿದ ತಲೆಯನ್ನು ಇನ್ನಷ್ಟು ವಾಲಿಸಿ ಕಾರನ್ನೊಮ್ಮೆ ನೋಡಿದರು.

"ಯಾವ ರಿಪೇರಿ ಸಾರ್? ಕಾರಿಗೆ ಏನಾಗಿದೆ?"

"ಗೋಡೆ..."

"ಯಾವ ಗೋಡೆ?"

ಸರ್ವೇಯರ್ ಕಷ್ಟಪಟ್ಟು ಯೋಚಿಸಿ ಪೆನ್ನು ತೆಗೆದರು. "ಹಾನಿ ಆಗಿಲ್ಲ ಅಂತೀರಿ. ಪುರಾವೆ?"

"ನಾನಿದ್ದೀನಲ್ಲ," ಎಂದು ಮುಂದೆ ಬಂದೆ. "ಕಣ್ಣಾರೆ ಕಂಡಿದ್ದೀನಿ ಸಾರ್. ಏನೂ ಆಗಲಿಲ್ಲ."

ಅವರು ಬರೆದುಕೊಂಡರು, ಫೈಲು ಮುಚ್ಚಿದರು. ಆದರೂ ಹೋಗಲಿಲ್ಲ. ಸಾಲಿನವರೆಲ್ಲ ಕರಗುವವರೆಗೆ ಅಲ್ಲೇ ಸುಳಿದಾಡುತ್ತಿದ್ದು, ಆಮೇಲೆ ಭಾವನ ಹತ್ತಿರ ಬಂದು ದನಿ ತಗ್ಗಿಸಿದರು. "ನಾನೂ ಕಲೀಬಹುದಾ ಸಾರ್? ಇಪ್ಪತ್ತು ವರ್ಷ ಜಜ್ಜಿದ ಕಾರುಗಳನ್ನೇ ನೋಡಿ ನೋಡಿ, ಸ್ಟೇರಿಂಗ್ ಮುಟ್ಟೋಕೇ ಭಯ ಆಗಿಬಿಟ್ಟಿದೆ."

ಭಾವ ಮೊದಲು ಹತ್ತಿ, ಹೊಟ್ಟೆ ದಾಟಿಸಿ, ಆಚೆ ಜಾರಿದರು. ಸರ್ವೇಯರ್ ಕೂತು ಸ್ಟೇರಿಂಗನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದರು. ನಾನು ಹಿಂದೆ ಕೂತೆ, ಸಾಕ್ಷಿಗೆ. ಹಳದಿ ಬಾನೆಟ್ಟಿನಾಚೆ ರಸ್ತೆ ಇದ್ದಲ್ಲೇ ಇತ್ತು. ಸ್ವಲ್ಪ ಹೊತ್ತಿಗೆ ಸರ್ವೇಯರ ಬೆನ್ನು ಸಡಿಲವಾಯಿತು, ಹಣೆಯ ಬೆವರು ಆರಿತು, ಕಾಲು ಆಕ್ಸಿಲರೇಟರನ್ನು ಗಟ್ಟಿಯಾಗಿ ಒತ್ತಿತು.

"ನಿಧಾನ ಸಾರ್, ನಿಧಾನ," ಎಂದರು ಭಾವ, ತಮ್ಮ ಬ್ರೇಕಿನ ಮೇಲೆ ಕಾಲಿಡುತ್ತಾ. "ಮುಂದೆ ತಿರುವಿದೆ."

ಸರ್ವೇಯರ್ ತಕ್ಷಣ ನಿಧಾನ ಮಾಡಿದರು.