ಅವರ ಆಮೆನ್ ನಮ್ಮ ಬಾಯಲ್ಲಿ

ಹುಮನಾಬಾದಿನ ನಮ್ಮ ಓಣಿಯಲ್ಲಿ ಮೂರು ಸಭೆಯ, ಅಂದರೆ ಮೂರು ಪಂಗಡದ, ಕ್ರೈಸ್ತರಿದ್ದೇವೆ. ಮೂರೂ ಸಭೆಯವರು ಒಂದೆಡೆ ಕೂಡಿದ ದಿನ ಏನೂ ಆಗದೆ ಹೊತ್ತು ಮುಳುಗಿದ್ದನ್ನು ನಾನಂತೂ ಕಂಡಿಲ್ಲ. ನಮ್ಮ ದೊಡ್ಡ ಪ್ರೊಟೆಸ್ಟೆಂಟ್ ಚರ್ಚಿಗೆ ಪಾಸ್ಟರ್, ಕಥೋಲಿಕರಿಗೆ ಫಾದರ್, ಹೊಸ ಪ್ರಾರ್ಥನಾ ಮಂದಿರಕ್ಕೆ ಬ್ರದರ್. ದೇವರಿಗೆ ಇಷ್ಟು ಅನುಕೂಲವಿದ್ದ ಓಣಿಗೆ ನೀರಿರಲಿಲ್ಲ. ಅವ್ವ ದಿನಾ ಹೈವೇ ದಾಟಿ, ಲಾರಿಗಳ ನಡುವೆ ನುಸುಳಿ, ತಲೆಯ ಮೇಲೊಂದು ಸೊಂಟದ ಮೇಲೊಂದು ಕೊಡ ತರುತ್ತಿದ್ದಳು. ಹೀಗಿರುವಾಗ ಸಭೆಗಳ ಐಕ್ಯ ಮಂಡಳಿಯವರು ಗುಲ್ಬರ್ಗಾದಿಂದ ಎಸ್‌ಟಿಡಿ ಬೂತಿಗೆ ಫೋನು ಮಾಡಿದರು. ಮೂರೂ ಸಭೆ ಕೂಡಿ ಅರ್ಜಿ ಹಾಕಿ, ಕೂಡಿ ಆರಾಧನೆ ಮಾಡಿ ತೋರಿಸಿದರೆ ಓಣಿಗೊಂದು ಬೋರ್‌ವೆಲ್ಲು. ಇಲ್ಲದಿದ್ದರೆ ಬೇರೆ ಊರಿಗೆ.

ಒಂದು: ಚಪ್ಪಲಿ

ಮೊದಲ ಮಾತುಕತೆ ಮೂವರಿಗೂ ಸೇರದ, ಬಸವಕಲ್ಯಾಣದ ಒಂದು ಚರ್ಚಿನ ಹಾಲ್‌ನಲ್ಲಿ. ಪಾಸ್ಟರ್ ಹಿಂದೆ ನಾನೂ ಒಳಗೆ ಹೋಗುವಾಗ ನೋಡಿದೆ, ಬಾಗಿಲಲ್ಲಿ ಚಪ್ಪಲಿಗಳು ಸಹ ಮೂರು ಗುಂಪಾಗಿಯೇ ಕೂತಿದ್ದವು. ನನಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಕಲಸಿ, ಒಂದನ್ನು ಈ ಮೂಲೆಗೆ, ಅದರ ಜೋಡಿಯನ್ನು ಆ ಮೂಲೆಗೆ ತಳ್ಳಿ ಒಳಗೆ ಹೋಗಿ ಚಹಾ ಕುಡಿದೆ.

ಅಲ್ಲಿ ಬೋರು ಯಾರ ಕಂಪೌಂಡಿನಲ್ಲಿ ಎಂಬ ಜಗಳ ನಡೆದಿತ್ತು.

"ನಮ್ಮಲ್ಲಿ ಜಾಗ ಬಹಳ ಅದ" ಎಂದರು ಪಾಸ್ಟರ್.

"ನಮ್ಮಲ್ಲಿ ಗೇಟು ಅದ" ಎಂದರು ಫಾದರ್.

"ನಮ್ಮಲ್ಲಿ ನೀರೇ ಅದರಿ. ನಾ ದರ್ಶನದಾಗ ನೋಡೀನಿ" ಎಂದರು ಬ್ರದರ್.

ಮೂವರೂ ಸಿಟ್ಟಿನಿಂದ ಎದ್ದು ಹೊರಗೆ ನಡೆದರು. ನಡೆದವರು ಬಾಗಿಲಲ್ಲಿ ನಿಂತರು. ಸಿಟ್ಟು ಮಾಡಿಕೊಂಡು ಹೋಗಬೇಕಾದರೂ ಕಾಲಿಗೆ ಚಪ್ಪಲಿ ಬೇಕಲ್ಲ.

"ಇದು ನಿಮ್ಮದೇನ್ರಿ, ಫಾದರ್?" ಎಂದರು ಪಾಸ್ಟರ್.

"ನಂದಲ್ರಿ. ನಿಮ್ಮ ಎಡಗಾಲಾಗ ಇರೋದು ನಂದು."

ನೆಲದ ಮೇಲೆ ಕೂತು ಹುಡುಕತೊಡಗಿದರು. ಬಿಸಿಲು ಇಳಿಯಿತು, ಸಿಟ್ಟೂ ಇಳಿಯಿತು. ಕೊನೆಯ ಜೋಡಿ ಸಿಗುವುದರೊಳಗೆ, ಯಾರ ಕಂಪೌಂಡೂ ಬೇಡ, ಓಣಿಯ ನಟ್ಟನಡುವೆ ಕೊರೆಸೋಣ ಎಂದು ಒಪ್ಪಿಬಿಟ್ಟಿದ್ದರು. ನಾನು ಬಾಯಿ ತೆರೆದು ನೋಡುತ್ತ ನಿಂತೆ. ವಾಪಸ್ ಬರುವಾಗ ಪಾಸ್ಟರ್ ಬಸ್ಸಿನಲ್ಲಿ, "ಇದು ಮನುಷ್ಯರ ಕೈಲೆ ಆಗೋ ಕೆಲಸ ಅಲ್ಲ" ಎಂದರು. ನಾನು ಕೈಗಳನ್ನು ಕಿಸೆಯಲ್ಲಿಟ್ಟುಕೊಂಡೆ.

ಎರಡು: ಸಹಿ

ಅರ್ಜಿಯ ಮೇಲೆ ಯಾರ ಸಹಿ ಮೊದಲು? ಕೆಳಗೆ ಸಹಿ ಮಾಡಿದವರ ಸಭೆ ಸಣ್ಣದಾಗುತ್ತದೆ. ಎರಡು ಹಾಳೆ ಹರಿದು ಹೋದವು. ಎಲ್ಲರೂ ನಗಲಿ ಅಂತ ನಾನು ಚಹಾದ ಬಸಿಯನ್ನು ಮೂರನೆಯ ಹಾಳೆಯ ಮೇಲೆ ಬೋರಲು ಹಾಕಿ, ಸುತ್ತ ಗೆರೆ ಎಳೆದು, "ತಗೋರಿ, ಇದಕ್ಕ ಮ್ಯಾಲೂ ಇಲ್ಲ, ಕೆಳಗೂ ಇಲ್ಲ" ಎಂದೆ. ಯಾರೂ ನಗಲಿಲ್ಲ. ಮೂವರೂ ಬಹಳ ಗಂಭೀರವಾಗಿ ಗೆರೆಯ ಸುತ್ತ ಸಹಿ ಮಾಡಿದರು. ಮಂಡಳಿಯ ಕಾರ್ಯದರ್ಶಿ ಆ ಅರ್ಜಿಯನ್ನು ಬಸ್ಸಿನ ಸ್ಟೇರಿಂಗಿನಂತೆ ತಿರುಗಿಸಿ ತಿರುಗಿಸಿ ಓದಿದರಂತೆ.

ಮೂರು: ಆಮೆನ್

ಉಳಿದದ್ದು ಕೂಡಿ ಮಾಡುವ ಆರಾಧನೆ. ಅದನ್ನು ನೋಡಲು ಕಾರ್ಯದರ್ಶಿ ಭಾನುವಾರ ಬರುವವರಿದ್ದರು. ತೊಡಕೆಲ್ಲ ಯೇಸು ಕಲಿಸಿದ ಕರ್ತನ ಪ್ರಾರ್ಥನೆಯದು. ಕಥೋಲಿಕರು ಕೇಡಿನಿಂದ ಕಾಪಾಡು ಎಂದಲ್ಲಿಗೆ ಆಮೆನ್ ಹೇಳಿ ನಿಲ್ಲಿಸುತ್ತಾರೆ. ನಾವು ರಾಜ್ಯ, ಬಲ, ಮಹಿಮೆ ಎಂದು ಇನ್ನೊಂದು ಸಾಲು ಹೇಳಿ ಆಮೆನ್ ಅನ್ನುತ್ತೇವೆ. ಬ್ರದರ್ ಕಡೆಯವರಿಗೆ ಬಾಯಿಪಾಠದ ಪ್ರಾರ್ಥನೆಯೇ ಇಲ್ಲ. ಎಲ್ಲರೂ ಒಮ್ಮೆಲೇ, ಜೋರಾಗಿ, ತಮ್ಮ ತಮ್ಮದು.

ಶನಿವಾರ ಪಾಸ್ಟರ್ ನಮ್ಮವರನ್ನು ಕೂಡಿಸಿ, "ನಾಳೆ ಅವರು ನಿಲ್ಲಿಸಿದಲ್ಲೇ ನಾವೂ ನಿಲ್ಲಿಸೋಣು. ಪಾಪ, ಅವರ ಮನಸು ನೋಯಬಾರದು" ಎಂದರು. ಆಮೇಲೆ ನಾನು ಜಮಖಾನೆ ತರಲು ಫಾದರ್ ಕಡೆ ಹೋದರೆ, ಅಲ್ಲಿ ಸಿಸ್ಟರ್ ಒಬ್ಬರು ನಮ್ಮ ಕೊನೆಯ ಸಾಲನ್ನು ಅವರ ಮಂದಿಗೆ ಬಾಯಿಪಾಠ ಮಾಡಿಸುತ್ತಿದ್ದರು. ಎರಡೂ ಕಡೆಯ ಸುದ್ದಿ ನನಗೊಬ್ಬನಿಗೇ ಗೊತ್ತು. ಹೇಳಬೇಕಿತ್ತು. ಮಜಾ ಹಾಳಾಗುತ್ತದೆ ಅಂತ ಹೇಳಲಿಲ್ಲ.

ಭಾನುವಾರ ಪ್ರಾರ್ಥನೆ ಶುರುವಾಯಿತು. ನಗು ತಡೆಯುತ್ತ ಅವ್ವನ ಕಡೆ ನೋಡಿದೆ. ಕಣ್ಣು ಮುಚ್ಚಿ ನಿಂತಿದ್ದಳು. ಸೆರಗು ಜಾರಿ ನೆತ್ತಿ ಕಾಣುತ್ತಿತ್ತು. ಕೊಡ ಹೊತ್ತು ಹೊತ್ತು ಅಲ್ಲಿ ಕೂದಲು ಸವೆದಿತ್ತು. ಹೇಳಿಬಿಡೋಣ ಅಂತ ಪಾಸ್ಟರ್ ಕಡೆ ಒಂದು ಹೆಜ್ಜೆ ಇಟ್ಟೆ. ಆದರೆ ಹೊತ್ತು ಮೀರಿತ್ತು.

ನಮ್ಮವರು ಆಮೆನ್ ಅಂದು ಕೂತರು. ಕಥೋಲಿಕರು ನಿಂತೇ ರಾಜ್ಯ, ಬಲ ಎಂದು ಮುಂದುವರಿದರು. ತಮ್ಮ ಸಾಲು ಅವರ ಬಾಯಲ್ಲಿ ಕೇಳಿ ನಮ್ಮವರು ಗಡಬಡಿಸಿ ಎದ್ದರು. ಅಷ್ಟರಲ್ಲಿ, ನಾವು ಕೂತದ್ದನ್ನು ನೋಡಿದ್ದ ಅವರು ಅರ್ಧಕ್ಕೇ ಬಿಟ್ಟು ಕೂತರು. ಅವರು ಕೂತರೆಂದು ನಾವು ಮತ್ತೆ ಕೂತೆವು. ನಾವು ಎದ್ದಿದ್ದೆವೆಂದು ಅವರು ಮತ್ತೆ ಎದ್ದರು. ಕೊನೆಗೆ ಎರಡೂ ಕಡೆಯವರು ಅರ್ಧ ಬಗ್ಗಿ ನಿಂತುಬಿಟ್ಟರು.

ಕಾರ್ಯದರ್ಶಿ ಕಣ್ಣು ತೆರೆದರು. "ಫಾದರ್, ನೀವು ಹೇಳಿದ್ದು ಯಾರ ಪದ್ಧತಿ?"

"ಅವರದ್ರಿ."

"ಪಾಸ್ಟರ್, ನಿಮ್ಮದು?"

"ಅವರದ್ರಿ."

"ಮತ್ತ ನಿಮ್ಮ ನಿಮ್ಮದು ಎಲ್ಲಿ ಹೋತು?"

ಪಾಸ್ಟರ್ ಫಾದರನ್ನು ನೋಡಿದರು, ಫಾದರ್ ಪಾಸ್ಟರನ್ನು ನೋಡಿದರು. ಆ ಒಂದು ಸಾಲಿಗಾಗಿ ಇವರ ಅಜ್ಜಂದಿರು ಮಾತು ಬಿಟ್ಟಿದ್ದರು. ಇವರು ಅದನ್ನು ಒಬ್ಬರಿಗೊಬ್ಬರು, ಯಾರೂ ಕೇಳದೆ, ಸುಮ್ಮನೆ ಕೊಟ್ಟುಬಿಟ್ಟಿದ್ದರು.

ಕಾರ್ಯದರ್ಶಿ ಕರ್ಚೀಫಿನಿಂದ ಕಣ್ಣೊರೆಸಿಕೊಂಡರು. ನಗುವೋ ಅಳುವೋ ತಿಳಿಯಲಿಲ್ಲ. "ಬೋರು ಮಂಜೂರು" ಎಂದರು. "ಈಗ ಯಾರರೆ ಒಬ್ಬರು ಪ್ರಾರ್ಥನೆ ಮುಗಿಸ್ರಿ. ಮಂದೀದು ಸೊಂಟ ನೋಯಾಕತ್ತದ."

ಬ್ರದರ್ ಹಿಂದಿನಿಂದ ಮೆಲ್ಲಗೆ ಕೈ ಎತ್ತಿದರು. ಇಬ್ಬರಿಗೂ ತೊಂದರೆಯಾಗಬಾರದೆಂದು ಅವರ ಮಂದಿ ಅಲ್ಲಿಯ ತನಕ ತುಟಿ ಬಿಗಿದು ನಿಂತಿದ್ದರು.

"ಸಾಹೇಬ್ರ, ನಾವು ಇನ್ನೂ ಶುರುನೇ ಮಾಡಿಲ್ರಿ."