ವಲಸೆ ಪ್ರಮಾಣಪತ್ರ ಲಗತ್ತಿಸಿರುವುದಿಲ್ಲ

ತಿರುಳ್ಗನ್ನಡ ವಿಶ್ವವಿದ್ಯಾಲಯವು ಸ್ಥಾಪನೆಯಾದ ದಿನದಿಂದ ಇಂದಿನವರೆಗೆ ವಲಸೆ ಪ್ರಮಾಣಪತ್ರವಿಲ್ಲದೆ ಒಬ್ಬರನ್ನೂ ಒಳಗೆ ಸೇರಿಸಿಕೊಂಡಿಲ್ಲ. ಬೇರೆ ವಿಶ್ವವಿದ್ಯಾಲಯದಲ್ಲಿ ಓದಿ ಇಲ್ಲಿಗೆ ಬರುವವರು, ಅಲ್ಲಿಂದ ನಿಜವಾಗಿಯೂ ಬಿಟ್ಟು ಬಂದಿದ್ದೇವೆ ಎಂದು ಅಲ್ಲಿಯವರಿಂದಲೇ ಬರೆಸಿಕೊಂಡು ತರಬೇಕಾದ ಕಾಗದ ಅದು. ಶೈಕ್ಷಣಿಕ ವಿಭಾಗದ ಅಧೀಕ್ಷಕನಾಗಿ ಹದಿನೇಳು ವರ್ಷಗಳಿಂದ ನಾನು ಆ ಕಾಗದವನ್ನು ಕೇಳುತ್ತಾ ಬಂದಿದ್ದೇನೆ. ಒಮ್ಮೆ ಒಬ್ಬ ಶಾಸಕರ ಅಳಿಯನನ್ನೇ ಎರಡು ತಿಂಗಳು ವರಾಂಡದಲ್ಲಿ ಕೂರಿಸಿದ್ದೆ. ಕೊನೆಗೆ ಅವನು ಕಾಗದ ತಂದ, ನಾನು ಸಹಿ ಹಾಕಿದೆ, ಇಬ್ಬರೂ ಚಹಾ ಕುಡಿದೆವು.

ಇದನ್ನು ಮೊದಲೇ ಹೇಳಲು ಕಾರಣವಿದೆ. ಎಂ.ಎಸ್ಸಿ. ಪರಿಸರ ಅಧ್ಯಯನ ಕೋರ್ಸಿನ ವಿಷಯದಲ್ಲಿ ನಾವು ವಿನಾಕಾರಣ ತಡ ಮಾಡಿದೆವು ಎಂದು ಗದಗ-ಬೆಟಗೇರಿಯ ಕೆಲವು ಚಹಾದ ಅಂಗಡಿಗಳಲ್ಲಿ ಆಡಿಕೊಳ್ಳುತ್ತಿದ್ದಾರಂತೆ. ನಮ್ಮಲ್ಲಿ ಯಾವ ತಡವೂ ವಿನಾಕಾರಣ ಆಗುವುದಿಲ್ಲ. ಪ್ರತಿಯೊಂದು ತಡಕ್ಕೂ ಕಡತವಿದೆ, ಕಡತಕ್ಕೆ ಸಂಖ್ಯೆಯಿದೆ.

ಕೋರ್ಸನ್ನು ಬರೆದವರು ಡಾ. ಸುನಿತಾ. ಸಸ್ಯಶಾಸ್ತ್ರ ವಿಭಾಗದಲ್ಲಿ ಒಂಬತ್ತು ವರ್ಷಗಳಿಂದ ಅತಿಥಿ ಉಪನ್ಯಾಸಕಿ. ದಿನಾ ಲಕ್ಷ್ಮೇಶ್ವರದಿಂದ ಬಸ್ಸಿಗೆ ಬರುತ್ತಾರೆ. ಅತಿಥಿ ಉಪನ್ಯಾಸಕರನ್ನು ಪ್ರತಿ ಮಾರ್ಚಿನಲ್ಲಿ ಬಿಡುಗಡೆ ಮಾಡಿ, ಮಳೆಗಾಲದಲ್ಲಿ ಮನಸ್ಸಾದರೆ ಮತ್ತೆ ಕರೆಯುವುದು ಪದ್ಧತಿ. ಆ ವರ್ಷ ಸಸ್ಯಶಾಸ್ತ್ರಕ್ಕೆ ಮೂರೇ ವಿದ್ಯಾರ್ಥಿಗಳಿದ್ದರು. ವಿಭಾಗವನ್ನು ಮುಚ್ಚುವುದೆಂದು ನಿರ್ಧಾರವಾಗಿತ್ತು. ಮಾರ್ಚ್ ಮೂವತ್ತೊಂದರೊಳಗೆ ಹೊಸ ಕೋರ್ಸಿಗೆ ಒಪ್ಪಿಗೆ ಸಿಕ್ಕರೆ ಸುನಿತಾ ಮೇಡಂ ಅವರಿಗೆ ಅಲ್ಲಿ ಪಾಠದ ತಾಸುಗಳು ಸಿಗುತ್ತಿದ್ದವು. ಇಲ್ಲದಿದ್ದರೆ ಒಂಬತ್ತು ವರ್ಷದ ನೌಕರಿ ಅಲ್ಲಿಗೆ ಮುಗಿಯುತ್ತಿತ್ತು. ನೂರಾ ಹನ್ನೆರಡು ಪುಟಗಳ ಪಠ್ಯಕ್ರಮವನ್ನು ಅವರೇ ಬರೆದು, ಅವರೇ ಟೈಪ್ ಮಾಡಿ, ಏಳು ಪ್ರತಿ ತಂದುಕೊಟ್ಟಿದ್ದರು. ನಾನು ಎಂಟನೆಯದನ್ನು ಕೇಳಿದೆ. ಅದನ್ನೂ ತಂದರು.

ಹೊಸ ಕೋರ್ಸನ್ನು ಮೊದಲು ಆ ವಿಷಯದ ಅಧ್ಯಯನ ಮಂಡಳಿ ಒಪ್ಪಬೇಕು. ಮಂಡಳಿಯಲ್ಲಿ ಆ ವಿಷಯ ಕಲಿಸುವವರೇ ಇರಬೇಕು. ಕೋರ್ಸೇ ಇಲ್ಲದ ಮೇಲೆ ಕಲಿಸುವವರು ಎಲ್ಲಿಂದ ಬರಬೇಕು? ಅದಕ್ಕೂ ನಿಯಮವಿದೆ: ‘ವಿಷಯಕ್ಕೆ ಹತ್ತಿರದವರನ್ನು ನೇಮಿಸತಕ್ಕದ್ದು.’ ವಾಣಿಜ್ಯ ನಿಕಾಯದ ಡೀನ್ ಡಾ. ಅಂದಪ್ಪನವರ ಕೊಠಡಿಯ ಕಿಟಕಿ ಒಂದು ಬೇವಿನ ಗಿಡದ ಕಡೆಗೆ ತೆರೆಯುತ್ತದೆ. ಇಡೀ ಆವರಣದಲ್ಲಿ ಅವರಷ್ಟು ಹತ್ತಿರದವರು ಬೇರೆ ಯಾರೂ ಇರಲಿಲ್ಲ. ಅವರನ್ನೇ ಅಧ್ಯಕ್ಷರನ್ನಾಗಿ ಮಾಡಲಾಯಿತು.

ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಆದರೆ ನಮ್ಮ ವಿಭಾಗದ ವಿಷಯ ನಿರ್ವಾಹಕ ಸುಭಾಷ ಕಡತವನ್ನು ಓದಿಬಿಟ್ಟ. ಬಹಳ ಜಾಣ. ಮೂವತ್ತೇಳನೆಯ ಪುಟದಲ್ಲಿ ಮೇಡಂ ಹೀಗೆ ಬರೆದಿದ್ದರು: ‘ಪ್ರತಿ ವರ್ಷ ಮಂಗೋಲಿಯಾ, ಟಿಬೆಟ್ ಕಡೆಯಿಂದ ನವೆಂಬರಿನಲ್ಲಿ ಶಿರಹಟ್ಟಿ ಬಳಿಯ ಮಾಗಡಿ ಕೆರೆಗೆ ಬಂದು ಮಾರ್ಚಿನವರೆಗೆ ಇರುವ ವಲಸೆ ಹಕ್ಕಿಗಳು ಈ ಕೋರ್ಸಿನ ಜೀವಾಳ.’ ಸುಭಾಷ ‘ವಲಸೆ’ ಎಂಬ ಶಬ್ದದ ಕೆಳಗೆ ಕೆಂಪು ಗೆರೆ ಎಳೆದು ಟಿಪ್ಪಣಿ ಹಾಕಿದ: ‘ಸದರಿಯವರ ವಲಸೆ ಪ್ರಮಾಣಪತ್ರ ಲಗತ್ತಿಸಿರುವುದಿಲ್ಲ. ಆದೇಶಕ್ಕಾಗಿ.’

ನಾನು ಮೇಡಂ ಅವರನ್ನು ಕರೆಸಿದೆ.

“ಸರ್, ಅವು ಹಕ್ಕಿ ಅದಾವ್ರಿ,” ಅಂದರು.

“ಹಕ್ಕಿ ಇರ್ಲಿ ಬಿಡ್ರಿ ಮೇಡಂ. ವಲಸಿ ಬಂದಾವೋ ಇಲ್ಲೋ?”

“ಬಂದಾವ್ರಿ.”

“ಬ್ಯಾರೆ ಕಡಿಂದ?”

“ಹೌದ್ರಿ. ಹಿಮಾಲಯ ದಾಟಿ ಬರತಾವು. ತಲಿ ಮ್ಯಾಲ ಎರಡು ಕರೀ ಪಟ್ಟಿ ಇರತಾವ ನೋಡ್ರಿ, ಆ ಬಾತು. ಅಷ್ಟ ಎತ್ತರದಾಗ ಹಾರೂವಾಗ ಉಸರಾಡಾಕ ಗಾಳೀನೂ ಇರೂದಿಲ್ಲ…”

“ಅದೆಲ್ಲಾ ಖರೆ. ಕಾಗದ ಎಲ್ಲೈತಿ?”

ಹಕ್ಕಿಯ ಮಾತು ಬಂದಾಗ ಅವರ ಮುಖ ಅರಳಿತ್ತು. ಕಾಗದದ ಮಾತು ಬಂದಾಗ ಬಾಡಿತು. ನನಗೆ ಪಾಪ ಅನ್ನಿಸಿತು. ಆದರೆ ಪಾಪ ಅನ್ನಿಸಿದ್ದನ್ನು ದಾಖಲಿಸಲು ಟಿಪ್ಪಣಿ ಹಾಳೆಯಲ್ಲಿ ಜಾಗವಿಲ್ಲ.

ಮಂಡಳಿಯ ಸಭೆಯಲ್ಲಿ ಡೀನ್ ಅಂದಪ್ಪನವರು ಆಕ್ಷೇಪಣೆಯನ್ನು ಮೆಚ್ಚಿಕೊಂಡು, ಅದಕ್ಕೆ ಇನ್ನೆರಡು ಸೇರಿಸಿದರು. “ಮಂಗೋಲಿಯಾ ನಮ್ಮ ಮಾನ್ಯತಾ ಪಟ್ಟಿಯೊಳಗ ಐತೇನ್ರಿ? ಇಲ್ಲಂದ್ರ ಅಲ್ಲೀ ಓದು ನಮ್ಮದಕ್ಕ ಸಮ ಐತೋ ಇಲ್ಲೋ ಅಂತ ನೋಡಾಕ ಸಮಾನತಾ ಸಮಿತಿಗೆ ಹೋಗಬೇಕಾಕ್ಕೈತಿ. ಮತ್ತ ನವೆಂಬರಿಂದ ಮಾರ್ಚ್ ಅಂದ್ರ ಐದ ತಿಂಗಳಾತು. ಹಾಜರಿ ಎಪ್ಪತ್ತೈದು ಪರ್ಸೆಂಟ್ ಎಲ್ಲಿ ತುಂಬತೈತಿ?” ಸದಸ್ಯರೊಬ್ಬರು, ವೈದ್ಯಕೀಯ ಪ್ರಮಾಣಪತ್ರ ಕೊಟ್ಟರೆ ಹಾಜರಿಯ ಕೊರತೆಯನ್ನು ಮನ್ನಿಸಬಹುದು ಎಂದರು. ಅದು ಉದಾರವಾದ ಸಲಹೆ ಎಂದು ನಡಾವಳಿಯಲ್ಲಿ ಬರೆದುಕೊಂಡೆ. ಸ್ಥಾನಿಕ ವಿಚಾರಣಾ ಸಮಿತಿಯನ್ನು ಮಾಗಡಿಗೆ ಕಳಿಸುವುದೆಂದು ಠರಾವಾಯಿತು.

ಫೆಬ್ರುವರಿ ಕೊನೆಯ ವಾರದಲ್ಲಿ ಸಮಿತಿ ಹೊರಟಿತು. ಡೀನ್ ಇದ್ದರು, ನಾನಿದ್ದೆ, ಸುಭಾಷನಿದ್ದ. ಮುಂಜಾನೆ ಬೇಗ ಹೊರಡಬೇಕೆಂದು ಹನ್ನೊಂದೂವರೆಗೆ ಹೊರಟೆವು. ಶಿರಹಟ್ಟಿಯಲ್ಲಿ ಊಟ, ಊಟದ ಮೇಲೆ ಸ್ವಲ್ಪ ವಿಶ್ರಾಂತಿ, ಅದಾದ ಮೇಲೆ ಮಿರ್ಚಿ ಮತ್ತು ಗಿರಮಿಟ್ಟು. ಕೆರೆಯ ದಂಡೆ ಮುಟ್ಟಿದಾಗ ಸಂಜೆ ಆರು. ನಾವು ಜೀಪಿನಿಂದ ಇಳಿಯುವುದಕ್ಕೂ ಅಷ್ಟೂ ಹಕ್ಕಿಗಳು ಗಲಗಲ ಎನ್ನುತ್ತಾ ಮೇಲೆದ್ದು ನಮ್ಮ ತಲೆಯ ಮೇಲಿಂದಲೇ ಹೋಗುವುದಕ್ಕೂ ಸರಿಹೋಯಿತು. ಕೆರೆ ಕಾಯುವ ಹೇಮಪ್ಪ ಎದ್ದು ನಿಂತು ಕೈಮುಗಿದ.

“ಎಲ್ಲಿ ಹೊಂಟಾವಪಾ ಎಲ್ಲಾ?” ಎಂದರು ಡೀನ್.

“ಮೇಯಾಕ್ರಿ ಸಾಹೇಬ್ರ. ಹೊತ್ತು ಮುಳುಗೂ ಮುಂದ ಹೊಲಕ್ಕ ಹೋಗತಾವು.”

“ಸಮಿತಿ ಬರೋ ಖಬರ ಮೊದಲ ಕೊಟ್ಟಿದ್ವಲ್ಲ?”

“ನನಗ ಕೊಟ್ಟಿದ್ರಿ. ಅವಕ್ಕ ನಾ ಹೇಳಿಲ್ರಿ.”

“ಎಷ್ಟದಾವು?”

“ಐದು ಸಾವಿರದ ಮ್ಯಾಲ ಅದಾವ್ರಿ.”

“ಮ್ಯಾಲ ಅಂದ್ರ ಹೆಂಗ? ಬರೋಬ್ಬರಿ ಹೇಳು.”

ಹೇಮಪ್ಪ ಆಕಾಶ ನೋಡಿದ, ನಮ್ಮ ಮುಖ ನೋಡಿದ. “ಐದು ಸಾವಿರದ ನಾಕನೂರಾ ಹನ್ನೆರಡು ಬರಕೋರ್ರಿ,” ಎಂದ. “ನಮ್ಮಪ್ಪ ಸಣ್ಣಾವ ಇದ್ದಾಗಿಂದ ಬರಾಕತ್ತಾವು.” ಸುಭಾಷ ಎರಡನ್ನೂ ಬರೆದುಕೊಂಡ. ಸಮಿತಿಯ ವರದಿ ಒಂದೇ ಸಾಲಿನದು: ‘ಸಮಿತಿಯನ್ನು ಕಂಡ ಕೂಡಲೇ ಸಂಬಂಧಪಟ್ಟವರು ಸಾಮೂಹಿಕವಾಗಿ ಹೊರನಡೆದರು.’

ಮಾರ್ಚ್ ಹದಿನಾಲ್ಕು ಬಂತು. ಸುನಿತಾ ಮೇಡಂ ನನ್ನ ಟೇಬಲ್ಲಿನ ಮುಂದೆ ಬಂದು ನಿಂತರು. ಕಣ್ಣಿನ ಸುತ್ತ ಕಪ್ಪಾಗಿತ್ತು.

“ಸರ್, ಒಂದು ಮಾತು ಕೇಳ್ತೀನ್ರಿ. ‘ವಲಸಿ’ ಅನ್ನೋ ಶಬ್ದ ತಗದು ‘ಅತಿಥಿ’ ಅಂತ ಹಾಕಿದ್ರ ಹೆಂಗ್ರಿ? ಪೇಪರಿನ್ಯಾಗೂ ಹಂಗ ಬರೀತಾರ, ಅತಿಥಿ ಹಕ್ಕಿ ಅಂತ.”

ನಾನು ಪೆನ್ನು ಕೆಳಗಿಟ್ಟೆ. ಹದಿನೇಳು ವರ್ಷಗಳ ಸೇವೆಯಲ್ಲಿ ಇಷ್ಟು ಚೊಕ್ಕವಾದ ಪರಿಹಾರ ನನಗೇ ಹೊಳೆದಿರಲಿಲ್ಲ. ಅತಿಥಿಗಳಿಗೆ ವಲಸೆ ಪ್ರಮಾಣಪತ್ರ ಬೇಡ. ಸಮಾನತಾ ಸಮಿತಿ ಬೇಡ. ವರ್ಷಪೂರ್ತಿ ಇರಬೇಕೆಂಬ ಷರತ್ತೂ ಇಲ್ಲ. ನಮ್ಮ ನಿಯಮಾವಳಿಯಲ್ಲಿ ಅತಿಥಿ ಎಂದರೆ ಯಾರ ಬಗ್ಗೆ ವಿಶ್ವವಿದ್ಯಾಲಯಕ್ಕೆ ಯಾವ ಹೊಣೆಯೂ ಇಲ್ಲವೋ ಅವರು. ಒಂಬತ್ತು ವರ್ಷದ ಅನುಭವ ಇದ್ದವರಿಗೆ ಮಾತ್ರ ಇದು ಹೊಳೆಯಲು ಸಾಧ್ಯ.

ಒಂದು ಶಬ್ದ ಬದಲಾದ ಕೂಡಲೇ ಕಡತಕ್ಕೆ ಕಾಲು ಬಂದವು. ಮಂಡಳಿ ಒಪ್ಪಿತು, ನಿಕಾಯ ಒಪ್ಪಿತು, ವಿದ್ಯಾವಿಷಯಕ ಪರಿಷತ್ತು ಊಟಕ್ಕೆ ಮುಂಚೆ ಒಪ್ಪಿತು, ಸಿಂಡಿಕೇಟ್ ಊಟದ ಮೇಲೆ ಒಪ್ಪಿತು. ಮಾರ್ಚ್ ಇಪ್ಪತ್ತೇಳರಂದು ಆದೇಶ ಹೊರಬಿತ್ತು. ಸುನಿತಾ ಮೇಡಂ ಎಲ್ಲ ಟೇಬಲ್ಲುಗಳಿಗೂ ಪೇಡೆ ಹಂಚಿದರು. ಸುಭಾಷನಿಗೆ ಎರಡು ಕೊಟ್ಟರು.

ಸುಭಾಷ ಪೇಡೆ ತಿಂದು, ಕೈ ತೊಳೆದುಕೊಂಡು ಬಂದು, ಹೊಸ ಕಡತ ತೆರೆದ. ‘ಪರಿಸರ ಅಧ್ಯಯನ ವಿಭಾಗದಲ್ಲಿ ಅತಿಥಿಗಳ ಸಂಖ್ಯೆ 5,413 (ಹಕ್ಕಿಗಳು 5,412, ಡಾ. ಸುನಿತಾ 1). ಲಭ್ಯವಿರುವ ಪಾಠ ವಾರಕ್ಕೆ ಹದಿನಾರು ತಾಸು. ನಿಯಮದಂತೆ ಜ್ಯೇಷ್ಠತೆಯ ಮೇಲೆ ಹಂಚಬಹುದೇ? ಆದೇಶಕ್ಕಾಗಿ.’

ನಾನು ಅದನ್ನು ಎರಡು ಸಲ ಓದಿದೆ. ನಿಯಮಾವಳಿಯನ್ನು ಕೈಗೆತ್ತಿಕೊಂಡೆ. ಹುಡುಕಿದೆ, ಖರೆ ಹೇಳುತ್ತೇನೆ, ಇಡೀ ಮಧ್ಯಾಹ್ನ ಹುಡುಕಿದೆ. ಅತಿಥಿಗೆ ರೆಕ್ಕೆ ಇರಬಾರದೆಂಬ ನಿಯಮ ಎಲ್ಲಿಯೂ ಸಿಗಲಿಲ್ಲ. ಮೊದಲು ಬಂದವರು ಹಿರಿಯರು. ಹೇಮಪ್ಪನ ಹೇಳಿಕೆಯ ಪ್ರಕಾರ ಹಕ್ಕಿಗಳು ಮೇಡಂ ಹುಟ್ಟುವ ಮೊದಲಿನಿಂದಲೂ ಬರುತ್ತಿವೆ. ಹದಿನಾರು ತಾಸುಗಳು ಮೊದಲ ಹದಿನಾರು ಹಕ್ಕಿಗಳಿಗೆ ತಲಾ ಒಂದರಂತೆ ಹೋದವು. ಪಟ್ಟಿಯ ಕೊನೆಯಲ್ಲಿ ಮೇಡಂ ಅವರ ಹೆಸರು ಬಂತು.

“ಸರ್, ಕೋರ್ಸ್ ಬರದಾಕಿ ನಾನು,” ಅಂದರು ಅವರು.

“ಅದಕ್ಕ ಪ್ರಶಂಸಾ ಪತ್ರ ಕೊಡತೀವ್ರಿ ಮೇಡಂ.”

“ಹಕ್ಕಿ ನಾಳಿ ನಾಡದು ಹೋಗಿಬಿಡತಾವ್ರಿ. ಆ ಮ್ಯಾಲಾದ್ರೂ ಆ ತಾಸು ನನಗ ಕೊಡ್ರಿ.”

“ಹೋದ್ರೂ ನವೆಂಬರಿಗೆ ತಿರುಗಿ ಬರತಾವಲ್ರಿ? ಬರೋರ ಜಾಗಾ ಖಾಲಿ ಅಂತ ನಾ ಹೆಂಗ ತೋರಸ್ಲಿ?”

ಅವರು ಕುರ್ಚಿಯಲ್ಲಿ ಕುಳಿತುಬಿಟ್ಟರು. ನೀರು ಕೊಟ್ಟೆ. ಅರ್ಧ ಲೋಟ ಕುಡಿದು ಎದ್ದು ಹೋದರು. ಅವತ್ತು ನನಗೆ ಮನೆಯಲ್ಲಿ ರೊಟ್ಟಿ ಸೇರಲಿಲ್ಲ.

ಕೋರ್ಸು ಮಾತ್ರ ಚೆನ್ನಾಗಿ ನಡೆಯಿತು. ಹನ್ನೊಂದು ವಿದ್ಯಾರ್ಥಿಗಳು ಸೇರಿದರು. ನವೆಂಬರಿನಿಂದ ವಾರಕ್ಕೆ ಹದಿನಾರು ತಾಸು ಕೆರೆಯ ದಂಡೆಯಲ್ಲಿ ಕುಳಿತು ಬಂದರು. ಬೋಧಕರ ಬಗ್ಗೆ ಅಭಿಪ್ರಾಯ ಕೇಳುವ ನಮೂನೆಯಲ್ಲಿ ‘ಉತ್ತಮ, ವಿಷಯ ಬಿಟ್ಟು ಬೇರೆ ಮಾತಾಡುವುದಿಲ್ಲ’ ಎಂದು ಎಲ್ಲರೂ ಬರೆದರು. ಮೌಲ್ಯಮಾಪನಕ್ಕೆ ಬಂದ ತಂಡವು, ಒಬ್ಬ ವಿದ್ಯಾರ್ಥಿಗೆ ನಾನೂರ ತೊಂಬತ್ತೆರಡು ಬೋಧಕರಿರುವ ವಿಭಾಗವನ್ನು ತಾನು ಬೇರೆಲ್ಲೂ ಕಂಡಿಲ್ಲ ಎಂದು ಬರೆದು ಅತ್ಯುನ್ನತ ಶ್ರೇಣಿ ಕೊಟ್ಟಿತು. ಡೀನ್ ಅಂದಪ್ಪನವರು ಸಮಾರಂಭದಲ್ಲಿ ಕಣ್ಣೊರೆಸಿಕೊಂಡು ಮಾತಾಡಿದರು: “ಕಾಯಂ ಮಾಡ್ರಿ ಅನ್ನೂದಿಲ್ಲ, ಗೇಟ್ ಮುಂದ ಕುಂಡ್ರೂದಿಲ್ಲ, ಮಾರ್ಚ್ ಬಂತಂದ್ರ ಆದೇಶ ಕೊಡೂಕಿಂತ ಮೊದಲ ತಾವಾಗೆ ಹೋಗತಾವು. ಉಳದ ಅತಿಥಿಗಳು ಇವನ್ನ ನೋಡಿ ಕಲೀರಿ.” ಅತಿಥಿ ಉಪನ್ಯಾಸಕರ ಸಂಘವು ಮೊದಲು ಧರಣಿ ಕುಳಿತಿತ್ತು. ತನ್ನ ಸದಸ್ಯರ ಸಂಖ್ಯೆ ಐದು ಸಾವಿರ ದಾಟಿದೆ ಎಂದು ತಿಳಿದ ಮೇಲೆ ಹಾರ ಹಾಕಿಸಿಕೊಂಡು ಎದ್ದಿತು.

ಸುನಿತಾ ಮೇಡಂ ಲಕ್ಷ್ಮೇಶ್ವರದಲ್ಲಿ ಮಕ್ಕಳಿಗೆ ಮನೆಪಾಠ ಹೇಳುತ್ತಿದ್ದಾರೆಂದು ಕೇಳಿದ್ದೆ. ತಿಂಗಳಿಗೊಮ್ಮೆ ಬಂದು ಸೂಚನಾ ಫಲಕದ ಮೇಲಿನ ಜ್ಯೇಷ್ಠತಾ ಪಟ್ಟಿ ನೋಡಿ ಹೋಗುತ್ತಿದ್ದರು. ಕಳೆದ ಡಿಸೆಂಬರಿನಲ್ಲಿ ಮಾತ್ರ ಒಳಗೆ ಬಂದರು.

“ಸರ್, ಪಟ್ಟಿಯೊಳಗ ಒಂದು ತಿದ್ದುಪಡಿ ಐತ್ರಿ. ನನ್ನ ಮ್ಯಾಲಿನ ನಂಬರಿನ ಹಕ್ಕಿ ಕರೆಂಟ್ ತಂತಿಗೆ ಬಡದು ತೀರಿಕೊಂಡೈತಿ.”

“ಅದ ಹಕ್ಕಿ ಅನ್ನಾಕ ಆಧಾರ?”

“ಹೇಮಪ್ಪನ ಹೇಳಿಕಿ ಐತ್ರಿ.”

“ಮರಣ ಪ್ರಮಾಣಪತ್ರ?”

ಅವರು ಬ್ಯಾಗಿನಿಂದ ತೆಗೆದು ಮುಂದಿಟ್ಟರು. ಹೆಸರು: ಅತಿಥಿ. ವಿಳಾಸ: ಮಾಗಡಿ ಕೆರೆ. ತಂದೆಯ ಹೆಸರು: ಗೊತ್ತಿಲ್ಲ. ಕೆಳಗೆ ದುಂಡನೆಯ ಮೊಹರು, ಸಹಿ, ದಿನಾಂಕ. ಮೂರು ಪ್ರತಿ ಇದ್ದವು, ಮೂರಕ್ಕೂ ದೃಢೀಕರಣವಿತ್ತು. ಕೇಳಲು ನನ್ನ ಬಳಿ ಏನೂ ಉಳಿದಿರಲಿಲ್ಲ. ಅಲ್ಲಿಯೇ ಆದೇಶ ಬರೆದು ಅವರನ್ನು 5,413ರಿಂದ 5,412ಕ್ಕೆ ಏರಿಸಿದೆ.

“ಹದಿನಾರನೇ ನಂಬರ್ ಮುಟ್ಟಾಕ ಇನ್ನ ಐದು ಸಾವಿರದ ಮುನ್ನೂರಾ ತೊಂಬತ್ತಾರು ಅಷ್ಟ ಉಳದಾವ್ರಿ,” ಎಂದು ಆದೇಶವನ್ನು ಮಡಚಿಕೊಂಡರು. ಬಾಗಿಲ ಹತ್ತಿರ ಹೋದವರು ಹೊರಳಿ ನಿಂತು ಕೇಳಿದರು: “ಸರ್, ಕೆರಿ ದಂಡಿಗುಂಟ ಇನ್ನೊಂದು ದೊಡ್ಡ ಕರೆಂಟ್ ಲೈನ್ ಎಳೀತಾರಂತ. ಖರೆ ಏನ್ರಿ?”

“ಖರೆ ಇರಬೇಕ್ರಿ. ಕಂಬ ಬಂದು ಬಿದ್ದಾವು,” ಎಂದೆ.

ಎಷ್ಟೋ ತಿಂಗಳ ಮೇಲೆ ಅವರ ಮುಖದಲ್ಲಿ ನಗು ಕಂಡೆ. ನನಗೂ ಸಂತೋಷವಾಯಿತು.